ಹಂಡೆ ನೀರಿಗೆ ಮೂವರು ಸಾಕ್ಷಿ

ನರಕ ಚತುರ್ದಶಿಯ ನಸುಕಿನಲ್ಲಿ ಹಳ್ಳಿಮನೆಗಳಲ್ಲಿ ಎರಡು ಬಗೆಯ ಬಿಸಿ ಅಕ್ಕಪಕ್ಕದಲ್ಲೇ ಇರುತ್ತದೆ. ಬಚ್ಚಲಲ್ಲಿ, ನೀರು ತುಂಬುವ ಹಬ್ಬದ ಸಂಜೆಯೇ ತಿಕ್ಕಿ ತೊಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಕಂಠದವರೆಗೆ ನೀರು ತುಂಬಿಸಿಟ್ಟ ಹಂಡೆ. ಅಂಗಳದಲ್ಲಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಕ್ಕಳ ಕೈಯಲ್ಲಿ ಸುರುಸುರು ಬತ್ತಿ. ಬತ್ತಿಯಿಂದ ಚಿಮ್ಮುವ ಒಂದೊಂದು ಕಿಡಿಯೂ 1000 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ಹಂಡೆಯ ನೀರು ಹೆಚ್ಚೆಂದರೆ 50, 60 ಡಿಗ್ರಿ. ಆದರೂ ಕಿಡಿ ಮುಂಗೈಗೆ ತಾಗಿದರೆ ಚುರ್ರೆಂದು ಅಲ್ಲೇ ಆರಿಹೋಗುತ್ತದೆ. 60 ಡಿಗ್ರಿಯ ನೀರನ್ನು ಬೆರೆಸದೆ ಒಂದು ಚೊಂಬು ಹೊಯ್ದುಕೊಂಡರೆ ಹಬ್ಬ ಆಸ್ಪತ್ರೆಯಲ್ಲಿ. (ಉರಿದು ಮುಗಿದ ಬತ್ತಿಯ ಕಂಬಿಯ ಮಾತು ಬೇರೆ. ಅದನ್ನು ಬರಿಗಾಲಲ್ಲಿ ತುಳಿದವರನ್ನು ಕೇಳಿ.)

ಹಾಗಾದರೆ ಯಾವುದರಲ್ಲಿ ಬಿಸಿ ಹೆಚ್ಚು? ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಎಷ್ಟು ಕಾದಿದೆ ಎಂಬುದು ಮೊದಲನೆಯದು, ಅದು ತಾಪಮಾನ. ಅಷ್ಟು ಕಾಯಲು ಅದರೊಳಕ್ಕೆ ಎಷ್ಟು ಶಕ್ತಿ ಹೋಗಬೇಕಾಯಿತು ಎಂಬುದು ಎರಡನೆಯದು, ಅದು ಶಾಖ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ವಸ್ತು ಯಾವುದು, ಎಷ್ಟಿದೆ ಎಂದು ಗೊತ್ತಿರಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಮೇಲೇರಿಸಲು ಬೇಕಾದ ಶಾಖವೇ ಒಂದು ಕಿಲೋ ಕ್ಯಾಲೊರಿ. ಹಂಡೆಯಲ್ಲಿ 60 ಲೀಟರ್ ನೀರಿದ್ದು, 22 ಡಿಗ್ರಿಯಿಂದ 52ಕ್ಕೆ ಏರಬೇಕೆಂದರೆ 60ನ್ನು 30ರಿಂದ ಗುಣಿಸಿ: 1800 ಕಿಲೋ ಕ್ಯಾಲೊರಿ. ಕಿಡಿಯ ಕಬ್ಬಿಣದ ಚೂರು ಒಂದು ಮಿಲಿಗ್ರಾಂ ತೂಗುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಕಬ್ಬಿಣ ಕಾಯಲು ನೀರಿಗೆ ಬೇಕಾದ ಶಾಖದ ಒಂಬತ್ತರಲ್ಲಿ ಒಂದು ಪಾಲು ಸಾಕು. ಹಾರುತ್ತಲೇ ಅದು ಉರಿಯುತ್ತಿರುವುದನ್ನು ಪಕ್ಕಕ್ಕಿಟ್ಟರೆ, 1000 ಡಿಗ್ರಿಗೆ ಕಾದ ಆ ಚೂರಿನಲ್ಲಿರುವುದು 0.00011 ಕಿಲೋ ಕ್ಯಾಲೊರಿ. ಅಂಥ ಕಿಡಿಗಳಿಂದ ಹಂಡೆ ಕಾಯಿಸಲು ಹೊರಟರೆ 1 ಕೋಟಿ 60 ಲಕ್ಷ ಕಿಡಿಗಳು, ಒಂದೂ ಆಚೆ ಬೀಳದಂತೆ, ನೀರಿಗೇ ಬೀಳಬೇಕು.

ಬಿಸಿನೀರಿನ ವಿಷಯದಲ್ಲಿ ಮನೆಮನೆಯಲ್ಲೂ ನಡೆಯುವ ವಾದಗಳಿಗೆಲ್ಲ ಮೂಲ ಇಲ್ಲಿದೆ ಎಂದು ನನ್ನ ಎಣಿಕೆ. ಗೀಸರ್ ಯಾವಾಗ ಆರಿಸಬೇಕು, ಕುದಿ ಬಂದ ಮೇಲೆ ಉರಿ ಇಳಿಸಬೇಕೋ ಬೇಡವೋ, ನೀರು ಹದವಾಗಿದೆಯೋ ಸುಡುತ್ತಿದೆಯೋ. ಒಂದೇ ನೀರಿನ ಬಗ್ಗೆ ಸಾಕ್ಷಿ ಹೇಳುವವರು ಮೂವರಿದ್ದಾರೆ. ಥರ್ಮಾಮೀಟರು ತಾಪಮಾನ ಹೇಳುತ್ತದೆ. ಕರೆಂಟ್ ಬಿಲ್ಲೋ ಸೌದೆ ರಾಶಿಯೋ ಶಾಖದ ಲೆಕ್ಕ ಹೇಳುತ್ತದೆ. ಮೂರನೆಯದು ನಮ್ಮ ಚರ್ಮ. ಅದು ಇವೆರಡನ್ನೂ ಅಳೆಯುವುದಿಲ್ಲ. ಅದರ ಕಥೆ ಆಮೇಲೆ ಬರುತ್ತದೆ. ಮೂವರೂ ನಿಜವನ್ನೇ ಹೇಳುತ್ತಾರೆ, ಆದರೆ ಬೇರೆ ಬೇರೆ ಸಂಗತಿಯ ಬಗ್ಗೆ.

ಥರ್ಮಾಮೀಟರಿನಿಂದ ಶುರು ಮಾಡೋಣ. ನೀರಿನ ಕಣಗಳು ಸದಾ ಅಲ್ಲಾಡುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಇರುತ್ತವೆ. ಆ ಗದ್ದಲ ಸರಾಸರಿಯಲ್ಲಿ ಎಷ್ಟು ಜೋರಿದೆ ಎಂಬುದರ ಗುರುತೇ ತಾಪಮಾನ. ಹಂಡೆಯಿಂದ ಒಂದು ಚೊಂಬು ನೀರು ತೋಡಿದಿರಿ ಅನ್ನಿ. ಹಂಡೆಯಲ್ಲೂ 52 ಡಿಗ್ರಿ, ಚೊಂಬಿನಲ್ಲೂ 52 ಡಿಗ್ರಿ. ಆದರೆ ಚೊಂಬಿಗೆ ಬಂದದ್ದು ಶಾಖದ ಒಂದು ಸಣ್ಣ ಪಾಲು ಮಾತ್ರ. ಶಾಖವನ್ನು ಪಾಲು ಮಾಡಬಹುದು, ಕೂಡಿಸಬಹುದು. ತಾಪಮಾನವನ್ನು ಹಾಗೆ ಮಾಡಲಾಗದು: 40 ಡಿಗ್ರಿಯ ಎರಡು ಬಕೆಟ್ ಸೇರಿಸಿದರೆ 80 ಡಿಗ್ರಿ ಆಗುವುದಿಲ್ಲ. ಇದು ಮಕ್ಕಳಿಗೂ ಗೊತ್ತು. ಆದರೆ ಇದೇ ತಿಳಿವು ವಿಜ್ಞಾನದ ಪುಸ್ತಕದೊಳಗೆ ಬರಲು 18ನೇ ಶತಮಾನದ ನಡುವಿನವರೆಗೆ ಕಾಯಬೇಕಾಯಿತು.

ಆ ಹೊತ್ತಿಗೆ ಥರ್ಮಾಮೀಟರುಗಳು ಚೆನ್ನಾಗಿಯೇ ಇದ್ದವು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಭಾಗದ ಅಳತೆ ಮುಂದಿಟ್ಟಾಗಿತ್ತು (ಅವನ ಅಳತೆಯಲ್ಲಿ ಕುದಿಯುವ ನೀರು ಸೊನ್ನೆ, ಹೆಪ್ಪುಗಟ್ಟುವ ನೀರು ನೂರು, ತಿರುವುಮುರುವು ಆದದ್ದು ಆಮೇಲೆ). ಅಳತೆಗೋಲು ಕೈಗೆ ಸಿಕ್ಕಿದ್ದರಿಂದ, ಅದು ತೋರಿಸುವುದೇ ಶಾಖ ಎಂದು ಹೆಚ್ಚಿನವರು ನಂಬಿದ್ದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್‌ಗೆ ಅನುಮಾನ ಬಂತು. ಫ್ಯಾರನ್‌ಹೀಟ್ ಮಾಡಿದ್ದ ಒಂದು ಹಳೆಯ ಪ್ರಯೋಗ ಅವನ ಕಣ್ಣಿಗೆ ಬಿದ್ದಿತ್ತು. ಫ್ಯಾರನ್‌ಹೀಟ್ ಅಳತೆಯಲ್ಲಿ 100 ಡಿಗ್ರಿಯ ನೀರಿಗೆ ಅಷ್ಟೇ ಗಾತ್ರದ, 150 ಡಿಗ್ರಿಯ ಪಾದರಸ ಬೆರೆಸಿದರೆ ನಡುವಿನ 125 ಬರಬೇಕಲ್ಲ? ಬರುವುದು 120. ಪಾದರಸ 30 ಡಿಗ್ರಿ ಕಳೆದುಕೊಂಡರೆ ನೀರು ಏರಿದ್ದು 20 ಡಿಗ್ರಿ ಮಾತ್ರ. ಪಾದರಸ ನೀರಿಗಿಂತ 13 ಪಟ್ಟು ಭಾರ ಎಂಬುದನ್ನು ನೆನೆದರೆ ಇದು ಇನ್ನೂ ವಿಚಿತ್ರ. ಬೇರೆ ಬೇರೆ ವಸ್ತುಗಳಿಗೆ ಶಾಖದ ಹಸಿವು ಬೇರೆ ಬೇರೆ. ನೀರಿನ ಹಸಿವು ಬಲು ದೊಡ್ಡದು. ಪಠ್ಯಪುಸ್ತಕಗಳಲ್ಲಿ ವಿಶಿಷ್ಟೋಷ್ಣ ಎಂಬ ಹೆಸರಿನಲ್ಲಿ ಬರುವುದು ಇದೇ. ಖಾಲಿ ತಾಮ್ರದ ಹಂಡೆ ನಾಲ್ಕು ಕಡ್ಡಿ ಉರಿಗೆ ಕೈ ಸುಡುವಷ್ಟು ಕಾಯುತ್ತದೆ. ತುಂಬಿಸಿದರೆ ಒಳಗಿನ ನೀರು ಅರ್ಧ ಗಂಟೆ ಸತಾಯಿಸುತ್ತದೆ. ಬೆಂಕಿ ಆರಿದ ಮೇಲೂ ಮನೆಮಂದಿಯೆಲ್ಲ ಮಿಂದು ಮುಗಿಯುವವರೆಗೆ ಬೆಚ್ಚಗಿರುವುದೂ ಆ ನೀರೇ. ತಡವಾಗಿ ಕಾಯುವುದು, ತಡವಾಗಿ ಆರುವುದು ಎರಡಕ್ಕೂ ಕಾರಣ ಒಂದೇ.

ಬಕೆಟ್ಟಿನಲ್ಲಿ ನೀರು ಬೆರೆಸುವಾಗ ನಮ್ಮ ಕೈ ಮಾಡುವುದು ಬ್ಲ್ಯಾಕ್‌ನ ಲೆಕ್ಕವನ್ನೇ. ಚಳಿಗಾಲದ ಬೆಳಗ್ಗೆ ನಲ್ಲಿ ನೀರು 20 ಡಿಗ್ರಿ ಇದೆ, 15 ಲೀಟರ್ ಬಕೆಟ್ ತುಂಬ 40 ಡಿಗ್ರಿಯ ನೀರು ಬೇಕು. ಒಲೆಯ ಮೇಲೆ ಕುದಿದ ನೀರು ಎಷ್ಟು ಬೇಕಾದೀತು? 4 ಲೀಟರ್ ಸಾಕು. ಉಳಿದ 11 ಲೀಟರ್ ತಣ್ಣೀರು. 80 ಡಿಗ್ರಿಯ ನೀರಾದರೆ 5 ಲೀಟರ್. ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಹಾಕು ಎಂದು ಅಜ್ಜಿಯರು ಹೇಳುತ್ತಾರೆ. ಶಾಖದ ಲೆಕ್ಕದಲ್ಲಿ ಯಾವುದು ಮೊದಲಾದರೂ ಕೊನೆಗೆ ಅದೇ 40. ಆದರೆ ಬರೀ ಕುದಿನೀರಿನ ಬಕೆಟ್ ಇಟ್ಟು ತಣ್ಣೀರು ತರಲು ಹೋದ ಆ ಅರೆಗಳಿಗೆಯಲ್ಲಿ ಮಗು ಕೈ ಇಟ್ಟರೆ ಲೆಕ್ಕ ಯಾರಿಗೆ ಬೇಕು? ಅಜ್ಜಿ ಹೇಳಿದ್ದೇ ಸರಿ.

ಈಗ ಎರಡನೆಯ ಸಾಕ್ಷಿ. ಆ ಒಂದು ಬಕೆಟ್ ನೀರಿಗೆ ಹೋದ ಶಾಖ 300 ಕಿಲೋ ಕ್ಯಾಲೊರಿ. ಕರೆಂಟಿನ ಒಂದು ಯೂನಿಟ್ ಅಂದರೆ 860 ಕಿಲೋ ಕ್ಯಾಲೊರಿ. ಹಾಗಾಗಿ ಒಬ್ಬರ ಸ್ನಾನಕ್ಕೆ ಮೂರನೇ ಒಂದು ಯೂನಿಟ್‌ಗಿಂತ ಚೂರು ಹೆಚ್ಚು. ನಾಲ್ಕು ಜನರ ಮನೆ, ದಿನಕ್ಕೆ ತಲಾ ಒಂದೇ ಬಕೆಟ್ ಎಂದರೂ ತಿಂಗಳಿಗೆ 42 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್ ಎಂಬುದನ್ನು ನೆನೆದರೆ ಬಚ್ಚಲಿನ ಪಾಲು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಎಲ್‌ಇಡಿ ಬಲ್ಬು ಆರಿಸಲು ಮಕ್ಕಳನ್ನು ಗದರುವ ಮನೆಯಲ್ಲೇ ಶವರಿನ ಕೆಳಗೆ ಹಾಡು ಮುಗಿಯುವುದಿಲ್ಲ. 9 ವಾಟಿನ ಬಲ್ಬು ಒಂದು ಬಕೆಟ್ ಬಿಸಿನೀರಿನಷ್ಟು ಕರೆಂಟ್ ತಿನ್ನಬೇಕಾದರೆ ಸುಮಾರು 39 ಗಂಟೆ ಉರಿಯಬೇಕು.

ಸೌದೆಯ ಲೆಕ್ಕ ಇನ್ನೂ ಖಾರ. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3500ರಿಂದ 4000 ಕಿಲೋ ಕ್ಯಾಲೊರಿ ಇರುತ್ತದೆ. ಹಂಡೆಗೆ ಬೇಕಾದ 1800ಕ್ಕೆ ಅರ್ಧ ಕಿಲೋ ಸಾಕಾಗಬೇಕಿತ್ತು. ಆದರೆ ತೆರೆದ ಒಲೆಯಲ್ಲಿ ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು ನೀರಿಗೆ ಸೇರಿದರೆ ಅದೇ ಪುಣ್ಯ. ಉಳಿದದ್ದು ಹೊಗೆಯ ಜೊತೆ ಮೇಲಕ್ಕೆ, ಗೋಡೆಗೆ, ಒಲೆಯ ಮುಂದೆ ಚಳಿ ಕಾಯಿಸುವವರ ಅಂಗಾಲಿಗೆ. ಹೀಗಾಗಿ ನಾಲ್ಕು ಕಿಲೋ ಕಟ್ಟಿಗೆ ಉರಿಯುತ್ತದೆ. ಮಲೆನಾಡಿನವರು ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಸೋಗೆಗಳನ್ನು ಬಚ್ಚಲೊಲೆಗೆ ಕಾದಿರಿಸಿ ಒಳ್ಳೆಯ ಸೌದೆಯನ್ನು ಅಡುಗೆಮನೆಗೆ ಉಳಿಸುವುದು ಸುಮ್ಮನೆ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಇದೇ ಸೋರಿಕೆಯ ಬೆನ್ನು ಹತ್ತಿತ್ತು: ಹೊಗೆ ಚಿಮಣಿಯ ದಾರಿ ಹಿಡಿಯುವ ಮೊದಲು ಅದರ ಶಾಖವನ್ನು ಎರಡನೆಯ, ಮೂರನೆಯ ಪಾತ್ರೆಗೆ ಬಿಡಿಸಿಕೊಳ್ಳುವುದು. ಬೆಂಕಿಯ ತಾಪಮಾನ ಹೆಚ್ಚಿಸುವ ಗೋಜಿಗೆ ಅಷ್ಟಾಗಿ ಹೋಗದೆ ಶಾಖ ಎಲ್ಲಿ ಹೋಗುತ್ತದೆ ಎಂದು ನೋಡಿದ್ದೇ ಅದರ ಜಾಣತನ.

ಇನ್ನು ಅಡುಗೆಮನೆ. ಇಲ್ಲಿ ಥರ್ಮಾಮೀಟರು ಮತ್ತು ಸೌದೆ ರಾಶಿ ಎದುರುಬದುರಾಗುತ್ತವೆ. ಎಸರಿಗೆ ಇಟ್ಟ ನೀರು ಕಾಯುತ್ತ ಕಾಯುತ್ತ ಕುದಿಗೆ ಬರುತ್ತದೆ. ಅಲ್ಲಿಂದ ಮುಂದೆ ನೀವು ಉರಿ ಎಷ್ಟೇ ದೊಡ್ಡದು ಮಾಡಿ, ಥರ್ಮಾಮೀಟರು ಒಂದು ಕೂದಲೆಳೆಯೂ ಮೇಲೇರುವುದಿಲ್ಲ. ಮಂಗಳೂರಿನಲ್ಲಿ 100 ಡಿಗ್ರಿಗೆ, ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ಬೆಂಗಳೂರಿನಲ್ಲಿ 97ಕ್ಕೆ, 1930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸಿಗೆ ಅದು ನಿಂತುಬಿಡುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಬೇಗ ಕುದಿಯುತ್ತದೆ. ಬೇಗ ಕುದಿಯಿತೆಂದು ಹಿಗ್ಗಬೇಡಿ. ಕಡಿಮೆ ತಾಪಮಾನದಲ್ಲಿ ಬೇಳೆ ಬೇಯುವುದಕ್ಕೆ ಹೆಚ್ಚು ಹೊತ್ತು. ಲೇಹ್‌ನಲ್ಲಿ ಸೇವೆ ಮಾಡಿ ಬಂದ ಸೈನಿಕರು ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ ಎನ್ನುವುದು ಇದಕ್ಕೇ. ಅಲ್ಲಿ ಕುದಿಯುವ ನೀರು 88 ಡಿಗ್ರಿಯ ಹತ್ತಿರ.

ನಿಂತ ಥರ್ಮಾಮೀಟರಿನ ಕೆಳಗೆ ಗ್ಯಾಸ್ ಮಾತ್ರ ಉರಿಯುತ್ತಲೇ ಇದೆಯಲ್ಲ, ಆ ಶಾಖ ಎಲ್ಲಿಗೆ ಹೋಯಿತು? 1762ರ ಸುಮಾರಿಗೆ ಬ್ಲ್ಯಾಕ್ ಕೇಳಿಕೊಂಡದ್ದು ಇದನ್ನೇ. ತಗಡಿನ ತಟ್ಟೆಯೊಂದರಲ್ಲಿ ನೀರಿಟ್ಟು, ಕೆಂಪಗೆ ಕಾದ ಕಬ್ಬಿಣದ ಮೇಲಿಟ್ಟು ಗಡಿಯಾರ ನೋಡಿದ. ಕುದಿ ಬರಲು 4 ನಿಮಿಷ. ಪೂರ್ತಿ ಆವಿಯಾಗಲು ಮತ್ತೆ 20 ನಿಮಿಷ. ಉದ್ದಕ್ಕೂ ಒಂದೇ ಉರಿ. ಅಂದರೆ ಕುದಿಸಲು ಬೇಕಾದುದರ ಐದು ಪಟ್ಟು ಶಾಖ, ಥರ್ಮಾಮೀಟರಿಗೆ ಸುಳಿವೇ ಕೊಡದೆ, ಆವಿಯೊಳಗೆ ಅಡಗಿ ಕೂತಿತ್ತು. ಅದನ್ನೇ ಗುಪ್ತೋಷ್ಣ ಎನ್ನುವುದು. ಇಂದಿನ ಕರಾರುವಾಕ್ಕು ಲೆಕ್ಕ ಇದು: ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲೊರಿ. ಅದೇ ಲೀಟರನ್ನು ಬೆಂಗಳೂರಿನ ಅಡುಗೆಮನೆಯಲ್ಲಿ 25 ಡಿಗ್ರಿಯಿಂದ ಕುದಿಗೆ ತರಲು 72 ಸಾಕಾಗಿತ್ತು.

ಅನ್ನ ಕೊತಕೊತ ಕುದಿಯುವಾಗ ಉರಿ ದೊಡ್ಡದು ಮಾಡುವುದರಿಂದ ಆಗುವುದಿಷ್ಟೇ: ಅಕ್ಕಿ ಅದೇ 97 ಡಿಗ್ರಿಯಲ್ಲಿ, ಅದೇ ವೇಗದಲ್ಲಿ ಬೇಯುತ್ತದೆ, ಸಿಲಿಂಡರಿನ ಗ್ಯಾಸು ಕಿಟಕಿಯ ಗಾಜಿಗೆ ಹಬೆಯಾಗಿ ಹೋಗುತ್ತದೆ. ಕುದಿ ಬಿದ್ದೊಡನೆ ಉರಿ ಸಿಮ್‌ಗೆ ಇಳಿಸಿ ಮುಚ್ಚಳ ಹಾಕುವವರು ಭೌತವಿಜ್ಞಾನ ಓದಿರಬೇಕಾಗಿಲ್ಲ. ನಿಜವಾಗಿ ತಾಪಮಾನ ಏರಿಸಬೇಕೆಂದರೆ ಒತ್ತಡ ಏರಿಸಬೇಕು. 1679ರಲ್ಲಿ ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿಮುಚ್ಚಳದ ಪಾತ್ರೆ ತೋರಿಸಿದ್ದ. ಈಗಿನ ಕುಕ್ಕರಿನಲ್ಲಿ ಸೀಟಿ ಹೊಡೆಯುವ ಹೊತ್ತಿಗೆ ಒಳಗೆ 120 ಡಿಗ್ರಿಯ ಹತ್ತಿರ ಇರುತ್ತದೆ. ಅಲ್ಲೂ ಅಷ್ಟೇ, ಒಮ್ಮೆ ಒತ್ತಡ ಕೂಡಿದ ಮೇಲೆ ದೊಡ್ಡ ಉರಿಯಿಂದ ಹೆಚ್ಚುವುದು ಸೀಟಿಯ ಸಂಖ್ಯೆ, ಬೇಯುವ ವೇಗವಲ್ಲ.

ಅಡಗಿದ ಶಾಖ ಹಾಗೇ ಅಡಗಿ ಉಳಿಯುವುದಿಲ್ಲ. ಹಬೆ ಮತ್ತೆ ನೀರಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಗ್ಲಾಸ್ಗೋದಲ್ಲೇ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್, ಹಬೆಯನ್ನು ತಣ್ಣೀರಿಗೆ ಬಿಟ್ಟು ನೋಡಿದಾಗ, ತನ್ನ ತೂಕದ ಆರು ಪಟ್ಟು ನೀರನ್ನು ಅದು ಕುದಿಯುವ ಮಟ್ಟಕ್ಕೆ ತರುವುದನ್ನು ಕಂಡು ಬೆರಗಾಗಿದ್ದ. ಬ್ಲ್ಯಾಕ್‌ನ ಬಳಿ ಹೋಗಿ ಕೇಳಿದಾಗಲೇ ಕಾರಣ ಹೊಳೆದದ್ದು. ಇಡ್ಲಿ ಪಾತ್ರೆಯ ತಳದಲ್ಲಿ ಎರಡು ಲೋಟ ನೀರಿಟ್ಟು ಮೂರು ತಟ್ಟೆ ಇಡ್ಲಿ ಬೇಯಿಸುವ ಗುಟ್ಟೂ ಇದೇ: ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ನೀರಾಗುತ್ತದೆ, ಶಾಖ ಇಡ್ಲಿಗೆ ಇಳಿಯುತ್ತದೆ. ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕೆ ಸರಿಸಬೇಕಾದ್ದೂ ಅದಕ್ಕೇ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮಕ್ಕೆ ತಾಗಿ 40ಕ್ಕೆ ಇಳಿಯುವಾಗ 60 ಕ್ಯಾಲೊರಿ ಬಿಡುತ್ತದೆ. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಬಿಡುವುದು 600. ಥರ್ಮಾಮೀಟರಿನ ಕಣ್ಣಿಗೆ ಎರಡೂ ಒಂದೇ, ಕೈಗೆ ಹತ್ತು ಪಟ್ಟು ವ್ಯತ್ಯಾಸ.

ಇದನ್ನೇ ತಿರುಗುಮುರುಗು ಮಾಡಿದರೆ ಲೋಟ ಡಬರಾ. ಫಿಲ್ಟರ್ ಕಾಫಿಯನ್ನು ಎತ್ತರದಿಂದ ಎತ್ತಿ ಹೊಯ್ಯುವಾಗ ನೊರೆ ಬರುತ್ತದೆ, ನೋಡಲು ಚೆಂದ, ಎಲ್ಲ ನಿಜ. ಆದರೆ ಕೆಲಸ ನಡೆಯುವುದು ಆವಿಯಲ್ಲಿ. ನೂರು ಮಿಲಿ ಲೀಟರ್ ಕಾಫಿಯಲ್ಲಿ ಒಂದೇ ಒಂದು ಮಿಲಿ ಲೀಟರ್ ಆವಿಯಾಗಿ ಹೋದರೆ ಉಳಿದದ್ದರ ತಾಪಮಾನ 5 ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಹಂಡೆಗೆ ಮುಚ್ಚಳ ಹಾಕುವುದು ಇದೇ ಸೋರಿಕೆಯನ್ನು ತಡೆಯಲು.

ಶಾಖ ಎಂದರೆ ಏನು ಎಂಬುದು ಬ್ಲ್ಯಾಕ್‌ಗೂ ಬಗೆಹರಿದಿರಲಿಲ್ಲ. ಕಣ್ಣಿಗೆ ಕಾಣದ ಒಂದು ದ್ರವ ಎಂದೇ ಆ ಕಾಲದ ಬಹಳ ಜನ ಎಣಿಸಿದ್ದರು. ಆ ನಂಬಿಕೆಗೆ ಪೆಟ್ಟು ಕೊಟ್ಟದ್ದೂ ಬಿಸಿನೀರೇ. 1798ರಲ್ಲಿ ಪ್ರಕಟವಾದ ಬರಹದಲ್ಲಿ ಕೌಂಟ್ ರಮ್‌ಫೋರ್ಡ್, ಮ್ಯೂನಿಕ್‌ನಲ್ಲಿ ಕುದುರೆ ಕಟ್ಟಿ ಫಿರಂಗಿಯ ಲೋಹವನ್ನು ಮೊಂಡು ಬೈರಿಗೆಯಿಂದ ಕೊರೆಸಿ, ಆ ಉಜ್ಜಾಟದಿಂದಲೇ, ಬೆಂಕಿಯ ಹಂಗಿಲ್ಲದೆ, ಎರಡೂವರೆ ಗಂಟೆಯಲ್ಲಿ ನೀರು ಕುದಿಸಿದ್ದನ್ನು ವಿವರಿಸಿದ. ಐದು ದಶಕ ಕಳೆಯುವ ಮುನ್ನ ಇಂಗ್ಲೆಂಡಿನ ಜೇಮ್ಸ್ ಜೂಲ್ ಕೆಲಸಕ್ಕೂ ಶಾಖಕ್ಕೂ ಇರುವ ವಿನಿಮಯ ದರವನ್ನೇ ಅಳೆದ. ನಯಾಗರಾ ಜಲಪಾತದ ನೀರು 160 ಅಡಿ ಬಿದ್ದ ಮೇಲೆ ಫ್ಯಾರನ್‌ಹೀಟ್ ಅಳತೆಯಲ್ಲಿ ಒಂದು ಡಿಗ್ರಿಯ ಐದನೇ ಒಂದು ಪಾಲು ಬೆಚ್ಚಗಾಗಿರಬೇಕು ಎಂದು ಅವನು ಬರೆದ. ನಮ್ಮ ಜೋಗಕ್ಕೆ ಅದೇ ಲೆಕ್ಕ ಹಾಕಿದರೆ, ಶರಾವತಿ 253 ಮೀಟರ್ ಧುಮುಕಿ ತಳ ಮುಟ್ಟುವಾಗ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಏರಬೇಕು. ಥರ್ಮಾಮೀಟರ್ ಹಿಡಿದು ಗುಂಡಿಗೆ ಇಳಿಯಲು ಹೋಗಬೇಡಿ. ಹಾರುವ ತುಂತುರು ಆವಿಯಾಗುತ್ತ ಆ ಗಳಿಕೆಯನ್ನೆಲ್ಲ ನುಂಗಿಬಿಡುತ್ತದೆ. ಅಷ್ಟು ಎತ್ತರದಿಂದ ಬಿದ್ದ ನೀರಿನ ಶಕ್ತಿಗೆ ಅರೆ ಡಿಗ್ರಿಗಿಂತ ಚೂರು ಹೆಚ್ಚು ಮಾತ್ರ ಬೆಲೆ ಎಂದರೆ, ಬೆಳಗಿನ ಬಕೆಟ್ಟಿನ 20 ಡಿಗ್ರಿ ಎಂಥ ಐಷಾರಾಮ ಎಂದು ಊಹಿಸಿ.

ಮೂರನೆಯ ಸಾಕ್ಷಿ ಚರ್ಮ ಎಂದೆನಲ್ಲ. ಡಿಸೆಂಬರಿನ ಬೆಳಗ್ಗೆ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ, ಬೇಸಿಗೆಯ ಮಧ್ಯಾಹ್ನ ಅದೇ ಬಾವಿಯ ನೀರು ತಂಪು. ಭೂಮಿತಾಯಿ ಋತು ನೋಡಿ ಒಲೆ ಹಚ್ಚುವುದಿಲ್ಲ. ಹತ್ತಿಪ್ಪತ್ತು ಅಡಿ ಆಳದ ಮಣ್ಣಿಗೆ ಮೇಲಿನ ಚಳಿ ಸೆಕೆ ಹೆಚ್ಚುಕಡಿಮೆ ತಲುಪುವುದೇ ಇಲ್ಲ. ಬಾವಿ ನೀರು ವರ್ಷವಿಡೀ ಆ ಊರಿನ ಸರಾಸರಿ ತಾಪಮಾನದ ಸುತ್ತಮುತ್ತಲೇ ಇರುತ್ತದೆ. ಬದಲಾದದ್ದು ನಮ್ಮ ಕೈ. ಒಂದು ಕೈಯನ್ನು ಬಿಸಿನೀರಲ್ಲಿ, ಇನ್ನೊಂದನ್ನು ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಂದೇ ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಅದ್ದಿ ನೋಡಿ: ಒಂದು ಕೈ ತಂಪು ಎನ್ನುತ್ತದೆ, ಇನ್ನೊಂದು ಬಿಸಿ ಎನ್ನುತ್ತದೆ. ಜಾನ್ ಲಾಕ್ ಎಂಬ ತತ್ತ್ವಜ್ಞಾನಿ ಮೂರು ಶತಮಾನಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ.

ಚರ್ಮಕ್ಕೆ ಗೊತ್ತಾಗುವುದು ಶಾಖ ಎಷ್ಟು ಬೇಗ ಒಳಗೆ ಬರುತ್ತಿದೆ ಅಥವಾ ಹೊರಗೆ ಹೋಗುತ್ತಿದೆ ಎಂಬುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ 25 ಡಿಗ್ರಿಯ ಗಾಳಿ ಹಿತ, 25 ಡಿಗ್ರಿಯ ನೀರು ಮೈ ಜುಮ್ಮೆನಿಸುತ್ತದೆ. ಕಲಬುರಗಿ, ರಾಯಚೂರಿನವರು ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಬೈದುಕೊಂಡಾದರೂ ಓಡಾಡುತ್ತಾರೆ. 43 ಡಿಗ್ರಿಯ ನೀರು ತುಂಬಿದ ತೊಟ್ಟಿಯಲ್ಲಿ ಕೂರಿಸಿದರೆ ಹತ್ತು ನಿಮಿಷದಲ್ಲಿ ಎದ್ದು ಬರುತ್ತಾರೆ. ಬೆವರು ಆವಿಯಾಗಲು ಅಲ್ಲಿ ದಾರಿಯೇ ಇಲ್ಲ. ನಮಗೆ ಹದ ಎನಿಸುವ ಸ್ನಾನದ ನೀರು 38ರಿಂದ 42. ಈ ನಾಲ್ಕು ಡಿಗ್ರಿಯ ಕಿರಿದಾದ ಓಣಿಯಿಂದ ಆಚೆ ಹೋದರೆ ಗಂಭೀರ. 50ರ ನೀರಲ್ಲಿ ಚರ್ಮ ಸುಡಲು ನಿಮಿಷಗಳು ಬೇಕು, 60ರಲ್ಲಿ ಐದಾರು ಸೆಕೆಂಡು. ಮಕ್ಕಳ ಮತ್ತು ವಯಸ್ಸಾದವರ ಚರ್ಮಕ್ಕೆ ಅದಕ್ಕಿಂತಲೂ ಕಡಿಮೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಈ ಸಾಕ್ಷಿ ಬಾಯಿ ಬಿಡುವುದೇ ಇಲ್ಲ. ಅವರು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಬೇರೊಬ್ಬರಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಗೀಸರ್ ಜಗಳಗಳನ್ನು ಬಗೆಹರಿಸಬಹುದು. ಅಂಗಡಿಯವರನ್ನು ಬಿಟ್ಟು ಎಲ್ಲರನ್ನೂ ಕಾಡುವ ಪ್ರಶ್ನೆ: ಇನ್‌ಸ್ಟಂಟ್ ಗೀಸರಿನಿಂದ ನೀರು ಏಕೆ ಸಣ್ಣಗೆ ಬರುತ್ತದೆ? ಅದು ಸಾಮಾನ್ಯವಾಗಿ 3 ಕಿಲೋವಾಟಿನದು. ನಿಮಿಷಕ್ಕೆ 43 ಕಿಲೋ ಕ್ಯಾಲೊರಿ ಕೊಡಬಲ್ಲದು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ನೀರು 20 ಡಿಗ್ರಿ ಏರಬೇಕೆಂದರೆ ನಿಮಿಷಕ್ಕೆ 2 ಲೀಟರಿನ ಧಾರೆ ಸಿಗುತ್ತದೆ. ನಲ್ಲಿ ಜೋರು ಬಿಟ್ಟರೆ ನೀರು ಹೆಚ್ಚುತ್ತದೆ, ಬಿಸಿ ಇಳಿಯುತ್ತದೆ. ಗುಣಾಕಾರ ಮಾತ್ರ ಬದಲಾಗದು. ಅದನ್ನು ಶವರಿಗೆ ಜೋಡಿಸಿ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಚಾವಣಿಯ ಸೋಲಾರ್ ಹೀಟರಿನಲ್ಲಿ ಕೊನೆಗೆ ಸ್ನಾನಕ್ಕೆ ಹೋದವರಿಗೆ ದಿಢೀರನೆ ತಣ್ಣೀರು ಬರುವುದು ಏಕೆ, ಮೆಲ್ಲಮೆಲ್ಲಗೆ ಆರುತ್ತ ಬರಬೇಕಿತ್ತಲ್ಲವೇ? ಬಿಸಿನೀರು ಹಗುರ, ಟ್ಯಾಂಕಿನಲ್ಲಿ ಮೇಲೆ ನಿಲ್ಲುತ್ತದೆ. ಖಾಲಿಯಾದಂತೆ ತಳದಿಂದ ತಣ್ಣೀರು ಸೇರುತ್ತದೆ. ಎರಡೂ ತಕ್ಷಣ ಬೆರೆಯುವುದಿಲ್ಲ. ಮೊದಲ ಮೂವರಿಗೆ 55 ಡಿಗ್ರಿ, ನಾಲ್ಕನೆಯವರಿಗೆ ನಲ್ಲಿ ನೀರು. ಟ್ಯಾಂಕನ್ನು ಫಲಕಕ್ಕಿಂತ ಎತ್ತರದಲ್ಲಿ ಕೂರಿಸುವುದೂ ಇದೇ ಗುಣವನ್ನು ನಂಬಿ: ಫಲಕದಲ್ಲಿ ಕಾದ ನೀರು ಪಂಪಿಲ್ಲದೆ ತಾನಾಗಿಯೇ ಮೇಲೇರುತ್ತದೆ.

ಕೋಲಾರದ ಕಡೆಯ, ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರಿನಲ್ಲಿ ಹೀಟರ್ ರಾಡಿಗೆ ಬಿಳಿ ಪದರ ಕಟ್ಟುತ್ತದಲ್ಲ, ಅದರಿಂದ ಕರೆಂಟ್ ಹೆಚ್ಚು ಹೋಗುತ್ತದೆ ಎಂಬ ಮಾತಿದೆ. ಹಾಗೇನಿಲ್ಲ. ನೀರಲ್ಲಿ ಮುಳುಗಿದ ರಾಡಿನ ಶಾಖಕ್ಕೆ ನೀರಿಗಲ್ಲದೆ ಬೇರೆಲ್ಲೂ ಹೋಗಲು ದಾರಿಯಿಲ್ಲ. ಪದರ ದಾಟಲಾಗದೆ ಒಳಗಿನ ತಂತಿಯ ತಾಪಮಾನ ಏರುತ್ತ ಹೋಗಿ ಒಂದು ದಿನ ರಾಡ್ ಸುಟ್ಟುಹೋಗುತ್ತದೆ, ಅಷ್ಟೇ ನಷ್ಟ. ಸೌದೆ ಒಲೆಯ ಹಂಡೆಗಾದರೆ ಅದೇ ಪದರ ನಿಜವಾಗಿಯೂ ದುಬಾರಿ, ಏಕೆಂದರೆ ಅಲ್ಲಿ ಒಳಗೆ ಹೋಗದ ಶಾಖಕ್ಕೆ ಹೊಗೆಯ ದಾರಿ ತೆರೆದೇ ಇರುತ್ತದೆ.

ಗೀಸರಿನ ಗುಂಡಿಯನ್ನು 60ಕ್ಕೆ ಇಟ್ಟು ತಣ್ಣೀರು ಬೆರೆಸಿದರೂ ಒಂದೇ, 45ಕ್ಕೆ ಇಟ್ಟು ಹೆಚ್ಚು ಬಿಸಿನೀರು ಬಿಟ್ಟುಕೊಂಡರೂ ಒಂದೇ. ಬಕೆಟ್ಟಿಗೆ ಬಿದ್ದ ಶಾಖ 300 ಕಿಲೋ ಕ್ಯಾಲೊರಿಯೇ. ವ್ಯತ್ಯಾಸವಿರುವುದು ನಿಮ್ಮ ಸ್ನಾನದ ನಂತರ ಟ್ಯಾಂಕಿನಲ್ಲಿ ಉಳಿದ ನೀರಿನಲ್ಲಿ. ಅದು ಸುತ್ತಲಿನ ಗಾಳಿಗಿಂತ ಹೆಚ್ಚು ಬಿಸಿ ಇದ್ದಷ್ಟೂ ಬೇಗ ಶಾಖ ಸೋರಿಸುತ್ತದೆ. ಗೀಸರಿನ ಮೇಲೆ ಅಂಟಿಸಿರುವ ಸ್ಟಾರ್ ಚೀಟಿ ಹೇಳುವುದೂ ಇದನ್ನೇ: ಹೊರಗಿಗಿಂತ 45 ಡಿಗ್ರಿ ಹೆಚ್ಚು ಬಿಸಿ ಇರುವ ನೀರನ್ನು ಒಂದು ದಿನ ಸುಮ್ಮನೆ ಇಟ್ಟರೆ ಎಷ್ಟು ಯೂನಿಟ್ ಸೋರುತ್ತದೆ ಎಂಬುದರ ಮೇಲೆ ನಕ್ಷತ್ರ. ನೀರು ಬೇಗ ಕಾಯುವುದಕ್ಕೂ ಆ ನಕ್ಷತ್ರಗಳಿಗೂ ಸಂಬಂಧವಿಲ್ಲ. ಹಾಗೆಂದು ಗುಂಡಿಯನ್ನು ವರ್ಷವಿಡೀ 40ಕ್ಕೆ ಇಡುವುದೂ ತರವಲ್ಲ. ನಿಂತ ಉಗುರುಬೆಚ್ಚಗಿನ ನೀರಲ್ಲಿ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಬಹುದು, 60 ಡಿಗ್ರಿ ಅವಕ್ಕೆ ಆಗಿಬರುವುದಿಲ್ಲ.

ಕೊನೆಯ ಜಗಳ: ಆರಿಸಿ ಮತ್ತೆ ಮೊದಲಿಂದ ಕಾಯಿಸಿದರೆ ಕರೆಂಟ್ ಹೆಚ್ಚು, ಅದಕ್ಕಿಂತ ದಿನವಿಡೀ ಹಾಕಿಟ್ಟರೆ ವಾಸಿ ಎಂಬ ವಾದ. ಮತ್ತೆ ಕಾಯಿಸಲು ಬೇಕಾದ ಶಾಖ, ಆ ನಡುವೆ ಸೋರಿಹೋದಷ್ಟೇ. ಆರಿಸಿಟ್ಟ ಟ್ಯಾಂಕು ತಣಿಯುತ್ತ ಹೋದಂತೆ ಸೋರಿಕೆ ನಿಧಾನವಾಗುತ್ತದೆ. ಹಾಕಿಟ್ಟ ಟ್ಯಾಂಕು ಸದಾ 60ರಲ್ಲೇ ಇದ್ದು ಸದಾ ಅದೇ ವೇಗದಲ್ಲಿ ಸೋರುತ್ತದೆ. ಆರಿಸುವುದೇ ಯಾವಾಗಲೂ ಅಗ್ಗ. ಒಳ್ಳೆಯ ಟ್ಯಾಂಕಿನಲ್ಲಿ ಉಳಿತಾಯ ಸಣ್ಣದು, ಹಳೆಯದರಲ್ಲಿ ದೊಡ್ಡದು. 15 ಲೀಟರ್ ನೀರು 20ರಿಂದ 60ಕ್ಕೆ ಏರಲು 600 ಕಿಲೋ ಕ್ಯಾಲೊರಿ, ಅಂದರೆ 0.7 ಯೂನಿಟ್. 2 ಕಿಲೋವಾಟಿನ ಗೀಸರಿಗೆ ಅದು 21 ನಿಮಿಷದ ಕೆಲಸ, ಸಿಗುವುದು ಹದವಾದ ಎರಡು ಬಕೆಟ್. ಎದ್ದ ಕೂಡಲೇ ಸ್ವಿಚ್ ಹಾಕಿ, ಹಲ್ಲುಜ್ಜಿ ಕಾಫಿ ಕುಡಿದು ಬರುವಷ್ಟರಲ್ಲಿ ನೀರು ಸಿದ್ಧ. ನಲ್ಲಿ ತಿರುಗಿಸುವ ಮುನ್ನ ಸ್ವಿಚ್ ಆರಿಸಿಬಿಡಿ. ಇಲ್ಲದಿದ್ದರೆ ನೀವು ಬಿಟ್ಟುಕೊಂಡಷ್ಟೂ ಒಳಗೆ ಬರುವ ತಣ್ಣೀರನ್ನು, ಯಾರೂ ಮೀಯದಿದ್ದರೂ, ಅದು ಕಾಯಿಸುತ್ತಲೇ ಹೋಗುತ್ತದೆ.